ಬಣ್ಣದ ಕೆಳಗಿನ ತುಕ್ಕು

ಹಳೆಯ ಮನೆಗೆ ಸುಣ್ಣ ಬಳಿಯುವ ಮುನ್ನ ಗೋಡೆಯ ಬಿರುಕನ್ನು ನೋಡುವುದು ಗೃಹಸ್ಥನ ವಿವೇಕ. ಹಳೆಯ ಕಾರಿಗೂ ಅದೇ ನ್ಯಾಯ ಸಲ್ಲುತ್ತದೆ.

ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು ಇಂದಿಗೂ ಅಲ್ಲಿನ ಅನೇಕರ ಮನೆಯ ಷೆಡ್ಡುಗಳಲ್ಲಿ ಜೀವದಿಂದಿದೆ. 1798 ಸಿ.ಸಿ.ಯ ಅದರ ಎಂಜಿನ್ ಸರಳವಾದದ್ದು. ಜೋಡಿ ಎಸ್.ಯು. ಕಾರ್ಬ್ಯುರೇಟರುಗಳಲ್ಲಿ ಎಣ್ಣೆ ಬತ್ತದಂತೆ ನೋಡಿಕೊಂಡು, ಎರಡೂ ಸಮನಾಗಿ ಗಾಳಿ ಸೆಳೆಯುವಂತೆ ಹದಗೊಳಿಸುವುದು ಮನೆಯಲ್ಲಿಯೇ ಸಾಧ್ಯ.

ನಿಜವಾದ ಶತ್ರು ತುಕ್ಕು. ಈ ಕಾರಿಗೆ ಪ್ರತ್ಯೇಕವಾದ ಚಾಸಿಯಿಲ್ಲ. ಬಾಗಿಲುಗಳ ಕೆಳಗೆ ಹಾಯ್ದಿರುವ ಟೊಳ್ಳು ತೊಲೆಗಳೇ ಅದರ ಬೆನ್ನೆಲುಬು. ಆಧಾರ ಕೊಡದೆ ಕೊಳೆತ ತೊಲೆಯನ್ನು ಕತ್ತರಿಸಿದರೆ ಒಡಲು ನಡುವೆ ಕುಸಿಯುವುದು; ಬಳಿಕ ಬಾಗಿಲು ಮುಚ್ಚಲೊಲ್ಲದು. ಆದುದರಿಂದ ಬಾಗಿಲ ತೆರಪಿಗೆ ಅಡ್ಡಪಟ್ಟಿಯನ್ನು ಬಿಗಿದು, ಒಂದು ಪಕ್ಕವನ್ನು ಮುಗಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು. ಕೇವಲ ಜಾಕಿನ ಮೇಲೆ ನಿಂತ ಕಾರಿನಡಿಗೆ ಎಂದೂ ನುಸುಳಬಾರದು. ಕಾರು ಹೋದರೆ ಇನ್ನೊಂದು ಬಂದೀತು, ಪ್ರಾಣ ಬಾರದು.

1988ರಲ್ಲಿ ಈ ಕಾರಿನ ಒಡಲನ್ನೇ ಹೊಸದಾಗಿ ತಯಾರಿಸಿ ಮಾರತೊಡಗಿದರು. ಆದರೂ ಹಳೆಯ ಒಡಲನ್ನೇ ತೇಪೆ ಹಾಕಿ ಉಳಿಸಿಕೊಳ್ಳುವವರುಂಟು. ಹೊಳೆಯುವ ಬಣ್ಣವನ್ನು ಮೆಚ್ಚುವವರು ಹಲವರು. ಕಾಣದ ತೊಲೆಯನ್ನು ಗಟ್ಟಿಮಾಡಿದವನಿಗೆ ಮಾತ್ರವೇ ನಿಶ್ಚಿಂತೆಯ ಪ್ರಯಾಣ.