ಕಂಪನಿಯ ಆಡಿಟರನ್ನು ಕಂಪನಿಯೇ ಆರಿಸುವುದು ನಿಲ್ಲಲಿ!

ಷೇರುದಾರರೇ, ಠೇವಣಿದಾರರೇ, ನೌಕರ ಬಂಧುಗಳೇ,

ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ವ್ಯಕ್ತಿ. ಅದು ಆಸ್ತಿ ಕೊಳ್ಳಬಹುದು, ಸಾಲ ಎತ್ತಬಹುದು, ದಾವೆ ಹೂಡಬಹುದು. ಕಟ್ಟಿದವರು ಸತ್ತರೂ ಅದು ಉಳಿಯುತ್ತದೆ. ಮುಳುಗಿದರೆ ಷೇರುದಾರರಿಗೆ ಹಾಕಿದ ಬಂಡವಾಳವಷ್ಟೇ ನಷ್ಟ. ಅವರ ಮನೆ-ಮಠಕ್ಕೆ ಕಂಪನಿಯ ಸಾಲಿಗರು ಕೈಹಾಕುವಂತಿಲ್ಲ. 1896ರಲ್ಲಿ ಇಂಗ್ಲೆಂಡಿನ ಸಾಲೊಮನ್ ಮೊಕದ್ದಮೆಯಲ್ಲಿ ಗಟ್ಟಿಯಾದ ಈ ತತ್ವವೇ ನಮ್ಮ ಕಂಪನಿ ಕಾಯ್ದೆಗೂ ಅಡಿಗಲ್ಲು.

ಇಷ್ಟು ದೊಡ್ಡ ರಕ್ಷಣೆ ಪಡೆದವರು ಸಮಾಜಕ್ಕೆ ಮೊದಲು ಕೊಡಬೇಕಾದ್ದು ಸರಿಯಾದ ಲೆಕ್ಕ. ಅದಕ್ಕೇ ಕಾಯ್ದೆ ಆಡಿಟ್ ಕಡ್ಡಾಯ ಮಾಡಿದೆ. ಆದರೆ ಆಡಿಟರನ್ನು ಆರಿಸುವವರು ಯಾರು? ಆಡಳಿತ ಮಂಡಳಿ ಹೆಸರು ಸೂಚಿಸುತ್ತದೆ, ಮಹಾಸಭೆ ಕೈಯೆತ್ತುತ್ತದೆ, ಶುಲ್ಕವನ್ನು ಅದೇ ಕಂಪನಿ ಕೊಡುತ್ತದೆ. ವಿದ್ಯಾರ್ಥಿಯೇ ಮೌಲ್ಯಮಾಪಕರನ್ನು ಗೊತ್ತುಮಾಡಿ ಸಂಭಾವನೆಯನ್ನೂ ಕೊಟ್ಟರೆ ಆ ಅಂಕಪಟ್ಟಿಯನ್ನು ಯಾರು ನಂಬುತ್ತಾರೆ?

ಫಲ ಕಂಡಿದ್ದೇವೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ವರ್ಷವರ್ಷವೂ ಆ ಲೆಕ್ಕಕ್ಕೆ ಆಡಿಟರ್ ಸಹಿ ಬಿದ್ದಿತ್ತು. ಶಿಲ್ಕನ್ನು ನೇರವಾಗಿ ಬ್ಯಾಂಕಿನಿಂದಲೇ ಖಚಿತಪಡಿಸಿಕೊಳ್ಳಬೇಕೆಂಬ ವೃತ್ತಿಯ ಮೊದಲ ಪಾಠವನ್ನೇ ಸರಿಯಾಗಿ ಪಾಲಿಸಿರಲಿಲ್ಲ.

ಆಮೇಲೆ 2013ರ ಕಂಪನಿ ಕಾಯ್ದೆ ಬಂತು. ಷೇರುಪೇಟೆಯ ಕಂಪನಿಯಲ್ಲಿ ಒಂದೇ ಆಡಿಟ್ ಸಂಸ್ಥೆ ಸತತ 10 ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ವಂಚನೆ ಕಂಡರೆ ವರದಿ ಮಾಡಲೇಬೇಕು. 2018ರಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರವೂ ಬಂತು. ಒಳ್ಳೆಯದೇ. ಆದರೆ ಆರಿಸುವ ಕೈಯೂ ಹಣ ಕೊಡುವ ಕೈಯೂ ಬದಲಾಗಲಿಲ್ಲ.

ಬೇರೆ ದಾರಿಯಿಲ್ಲ ಎನ್ನುವವರು ಬೆಂಗಳೂರಿನ ಎಚ್‌ಎಎಲ್, ಬಿಇಎಲ್ ನೋಡಲಿ. ಎರಡೂ ಷೇರುಪೇಟೆಯಲ್ಲಿವೆ; ಸರ್ಕಾರಿ ಕಂಪನಿಗಳಾದ್ದರಿಂದ ಇವುಗಳ ಆಡಿಟರನ್ನು ದೇಶದ ಮಹಾಲೇಖಪಾಲರು (ಸಿಎಜಿ) ನೇಮಿಸುತ್ತಾರೆ. ಬ್ಯಾಂಕುಗಳ ಆಡಿಟರ್ ನೇಮಕಕ್ಕೂ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು. ಖಾಸಗಿಯವರಿಗೆ ಮಾತ್ರ ಏಕೆ ಈ ವಿನಾಯಿತಿ?

ನಮ್ಮ ಬೇಡಿಕೆಗಳು:

1. ಷೇರುಪೇಟೆಯಲ್ಲಿರುವ ಮತ್ತು ಸಾರ್ವಜನಿಕರಿಂದ ಠೇವಣಿ ಪಡೆಯುವ ಎಲ್ಲ ಕಂಪನಿಗಳ ಆಡಿಟರನ್ನು ಸ್ವತಂತ್ರ ಪ್ರಾಧಿಕಾರವೇ ನೇಮಿಸಲಿ.

2. ಕಂಪನಿಗಳಿಂದ ನಿಧಿ ಸಂಗ್ರಹಿಸಿ, ಶುಲ್ಕವನ್ನು ಆ ಪ್ರಾಧಿಕಾರವೇ ಪಾವತಿಸಲಿ.

ಪ್ರಾಮಾಣಿಕ ಲೆಕ್ಕಪರಿಶೋಧಕರಿಗೂ ಇದರಿಂದ ಬಲ. ಖಾರವಾದ ವರದಿ ಬರೆದರೆ ಕೆಲಸ ಹೋದೀತೆಂಬ ಅಂಜಿಕೆ ಅವರಿಗಿರದು.

ಮಹಾಸಭೆಯ ನೋಟಿಸು ಬಂದಾಗ ಆಡಿಟರ್ ನೇಮಕದ ನಿರ್ಣಯ ಓದಿ, ಪ್ರಶ್ನೆ ಕೇಳಿ, ಒಪ್ಪಿಗೆಯಾಗದಿದ್ದರೆ ವಿರುದ್ಧ ಮತ ಹಾಕಿ. ಈ ಎರಡು ಬೇಡಿಕೆಗಳನ್ನು ನಿಮ್ಮ ಸಂಸದರಿಗೆ ಬರೆದು ಕಳಿಸಿ. ಓದಿದ ಮೇಲೆ ಕರಪತ್ರವನ್ನು ಇನ್ನೊಬ್ಬರ ಕೈಗೆ ದಾಟಿಸಿ.