ಪಟ್ಟಿ ದೆಹಲಿಯಲ್ಲಿ, ರಾಜಿ ಜಗಲಿಯಲ್ಲಿ

2022ರ ಅಕ್ಟೋಬರ್‌ನಲ್ಲಿ ಮಳವಳ್ಳಿಯಲ್ಲಿ ಟ್ಯೂಷನ್‌ಗೆ ಹೋದ ಹತ್ತು ವರ್ಷದ ಹುಡುಗಿ ಮನೆಗೆ ಮರಳಲಿಲ್ಲ. ಅತ್ಯಾಚಾರ, ಕೊಲೆ. ಪೊಲೀಸರು ಹಿಡಿದದ್ದು ಆ ಟ್ಯೂಷನ್ ನೋಡಿಕೊಳ್ಳುತ್ತಿದ್ದವನನ್ನೇ. ಇಂಥ ಸುದ್ದಿ ಬಂದಾಗೆಲ್ಲ ಮಂಡ್ಯ, ಮದ್ದೂರಿನ ಹೋಟೆಲುಗಳಲ್ಲಿ ಒಂದು ಮಾತು ಕೇಳಿಸುತ್ತದೆ: ‘ಇಂಥೋರ ಫೋಟೊ ಬಸ್ ಸ್ಟ್ಯಾಂಡಿನಾಗೆ ಅಂಟಿಸ್ಬೇಕು ಕಣಣ್ಣ.’

ಇಂಥವರ ಪಟ್ಟಿಯೇನೋ ಇದೆ. 2018ರ ಸೆಪ್ಟೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದಾಖಲೆಯನ್ನು ಆರಂಭಿಸಿದಾಗಲೇ ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ನಮೂದುಗಳಿದ್ದವು. ನೋಡುವ ಅಧಿಕಾರ ಮಾತ್ರ ಪೊಲೀಸರಂಥ ತನಿಖಾ ಸಂಸ್ಥೆಗಳಿಗಷ್ಟೇ. ಅಮೆರಿಕದಲ್ಲಿ 1996ರ ಮೇಗನ್ ಕಾನೂನಿನಿಂದ ಇಂಥ ವಿವರ ನೆರೆಹೊರೆಗೂ ಸಿಗುತ್ತದೆ. ನಮ್ಮಲ್ಲಿ ಅದು ಬೇಡ ಎನ್ನುವವನು ನಾನು. ಅದೇ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಗಾಳಿಸುದ್ದಿಗೆ ಹೈದರಾಬಾದಿನ ಅಮಾಯಕನೊಬ್ಬ ಬಲಿಯಾದ. ಗೋಡೆಗೆ ಫೋಟೊ ಅಂಟಿಸಿದ ಮೇಲೆ ಕೈಗೆ ಕಲ್ಲು ಬರಲು ಎಷ್ಟು ಹೊತ್ತು? ಬ್ರಿಟನ್ನಿನ ಕ್ರಮ ವಾಸಿ. ಅಲ್ಲಿ ತಾಯಿತಂದೆ ಇಂಥವನ ಬಗ್ಗೆ ಅನುಮಾನ ಎಂದು ಕೇಳಿದರೆ, ಪೊಲೀಸರು ವಿಚಾರಿಸಿ ಅವರಿಗಷ್ಟೇ ಗುಟ್ಟಾಗಿ ಹೇಳುತ್ತಾರೆ.

ಆದರೆ ಠಾಣೆಯ ಮೆಟ್ಟಿಲನ್ನೇ ಹತ್ತದ ಹೆಸರು ಯಾವ ಪಟ್ಟಿಯಲ್ಲಿದ್ದೀತು? ಇಂಥ ಕೃತ್ಯ ಮಾಡುವವರಲ್ಲಿ ಹೆಚ್ಚಿನವರು ಮಗುವಿಗೆ ಗೊತ್ತಿರುವವರೇ: ಮಾವ, ಮೇಷ್ಟ್ರು, ಪಕ್ಕದ ಮನೆಯಣ್ಣ. ಊರಿಗೆ ಗೊತ್ತಾದರೂ ‘ಹೆಣ್ಮಗು ಭವಿಷ್ಯ ನೋಡಪ್ಪ’ ಎಂದು ಜಗಲಿ ಮೇಲೆ ಕೂತು ಹಿರೀಕರು ರಾಜಿ ಮಾಡುತ್ತಾರೆ. ಶಾಲೆಯಾದರೆ ವರ್ಗಾವಣೆ, ಮುಂದಿನೂರಿನವರು ಹಾರ ಹಾಕಿ ಬರಮಾಡಿಕೊಳ್ಳುತ್ತಾರೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಸಂಸ್ಥೆಯ ಮುಖ್ಯಸ್ಥನಾದರೆ ಒಂದು ವರ್ಷದವರೆಗೆ ಜೈಲು. ರಾಜಿ ಮಾಡುವ ಹಿರೀಕರಿಗೆ ಇದನ್ನು ಯಾರಾದರೂ ಓದಿ ಹೇಳಿದ್ದಾರೆಯೇ?

2022ರ ಡಿಸೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕಟ್ಟೇರಿಯಲ್ಲಿ ಹಾಸ್ಟೆಲ್ ಹುಡುಗಿಯರು, ಅಸಭ್ಯವಾಗಿ ವರ್ತಿಸಿದನೆಂದು ಮುಖ್ಯ ಶಿಕ್ಷಕನಿಗೆ ದೊಣ್ಣೆ, ಪೊರಕೆಯಲ್ಲಿ ಬಾರಿಸಿದರು. ವಿಡಿಯೊ ಊರೆಲ್ಲ ಓಡಾಡಿತು. ಹೊಡೆದದ್ದು ಸರಿಯೆನ್ನಲಾರೆ. ಆದರೆ ಸಮುದಾಯಕ್ಕೆ ಎಚ್ಚರಿಕೆ ಕೊಡುವ ಕೆಲಸ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಪೊರಕೆಯ ಪಾಲಿಗೆ ಬಂತಲ್ಲ!

2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳೊಡನೆ ಒಡನಾಡುವ ಸಂಸ್ಥೆಗಳು ಕಾಯಂ ಇರಲಿ, ಗುತ್ತಿಗೆ ಇರಲಿ, ಪ್ರತಿ ಸಿಬ್ಬಂದಿಯ ಪೂರ್ವಾಪರವನ್ನೂ ಆಗಾಗ ಪೊಲೀಸರಿಂದ ಪರಿಶೀಲನೆ ಮಾಡಿಸಬೇಕು. ದೆಹಲಿಯ ಪಟ್ಟಿಯಿಂದ ಮಳವಳ್ಳಿಗೆ ಉಪಯೋಗವಾಗುವುದು ಇಲ್ಲೇ. ಮನೆಯ ಮುಂಗೋಣೆಯ ಟ್ಯೂಷನ್‌ಗಳ ಲೆಕ್ಕವನ್ನು ಪುರಸಭೆ, ಬಿಇಒ ಕಚೇರಿ, ಠಾಣೆ ಮೂರೂ ಒಟ್ಟಿಗೆ ಕೂತು ಬರೆದುಕೊಂಡರೆ ಒಂದು ವಾರದ ಕೆಲಸ.

ಜೂನ್‌ನಲ್ಲಿ ಮಗುವನ್ನು ಸೇರಿಸುವಾಗ ಫೀಸಿನ ಜೊತೆಗೆ ‘ವೆರಿಫಿಕೇಶನ್ ಆಗಿದೆಯಾ ಸಾರ್?’ ಎಂದೂ ಕೇಳಿ. ಮೇಷ್ಟ್ರಿಗೆ ಬೇಜಾರಾಗಬಹುದು. ಆಗಲಿ ಬಿಡಿ.