ಕ್ಷಿಪಣಿಯ ದುರಸ್ತಿಗೆ ಎಷ್ಟು ಮೆಟ್ಟಿಲು?

ಮಳವಳ್ಳಿ ಕಡೆಯ ರೈತರೊಬ್ಬರ ಪಂಪ್‌ಸೆಟ್ ನಿಂತುಹೋಯಿತೆನ್ನಿ. ಫ್ಯೂಸ್ ಹೋಗಿದ್ದರೆ ಅವರೇ ಹಾಕಿಕೊಳ್ಳುತ್ತಾರೆ. ಮೋಟಾರ್ ಸುಟ್ಟಿದ್ದರೆ ಮದ್ದೂರಿಗೋ ಮಂಡ್ಯಕ್ಕೋ ವೈಂಡಿಂಗ್ ಮಾಡಿಸಲು ಒಯ್ಯುತ್ತಾರೆ. ಅಲ್ಲೂ ಆಗದಿದ್ದರೆ ಕಂಪನಿಗೇ ಕಳಿಸಬೇಕು. ಸೈನ್ಯದ ಕ್ಷಿಪಣಿ ವ್ಯವಸ್ಥೆಗಳ ದುರಸ್ತಿಗೂ ಸಾಮಾನ್ಯವಾಗಿ ಇಂಥವೇ ಮೂರು ಮೆಟ್ಟಿಲುಗಳು: ಠಾಣೆ, ಹಿಂದಿನ ವರ್ಕ್‌ಶಾಪ್, ಕೊನೆಗೆ ಡಿಪೋ ಅಥವಾ ಕಾರ್ಖಾನೆ.

ಕ್ಷಿಪಣಿ ವ್ಯವಸ್ಥೆಯೆಂದರೆ ಹಾರುವ ಅಸ್ತ್ರವೊಂದೇ ಅಲ್ಲ. ನಮ್ಮ ‘ಆಕಾಶ್’ ಅನ್ನೇ ನೋಡಿ. ಕ್ಷಿಪಣಿಯ ಜೊತೆಗೆ ರೇಡಾರ್, ಲಾಂಚರ್, ನಿಯಂತ್ರಣ ಕೇಂದ್ರಗಳೆಲ್ಲ ಸೇರಿದರೇ ಅದು ಕೆಲಸ ಮಾಡುವುದು. ಅದರ ‘ರಾಜೇಂದ್ರ’ ರೇಡಾರನ್ನು ರೂಪಿಸಿದ್ದು ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ. ವಾಯುಪಡೆಗೆ ಇಡೀ ವ್ಯವಸ್ಥೆಯನ್ನು ತಯಾರಿಸಿಕೊಟ್ಟಿದ್ದು 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಬಿಇಎಲ್.

ಈಗ ಒಂದು ಲೆಕ್ಕ. ಒಂದು ರೇಡಾರ್ ಸರಾಸರಿ 900 ಗಂಟೆ ಓಡಿ ಕೆಡುತ್ತದೆ, ದುರಸ್ತಿಗೆ 100 ಗಂಟೆ ಹಿಡಿಯುತ್ತದೆ ಎಂದುಕೊಳ್ಳೋಣ. ಸಾವಿರ ಗಂಟೆಯಲ್ಲಿ ಅದು ಸಿದ್ಧವಿರುವುದು 900 ಗಂಟೆ, ಅಂದರೆ ಶೇ. 90. ಉಳಿದ ಹೊತ್ತು ಬಾನಿಗೆ ಕಾವಲಿಲ್ಲ! ದುರಸ್ತಿ 10 ಗಂಟೆಯಲ್ಲೇ ಮುಗಿದರೆ? 910ಕ್ಕೆ 900, ಅಂದರೆ ಸುಮಾರು ಶೇ. 98.9. ಯಂತ್ರ ಅದೇ, ಬದಲಾದದ್ದು ಕಾಯುವ ಕಾಲ ಮಾತ್ರ.

ಆದ್ದರಿಂದಲೇ ನಡುವಿನ ಮೆಟ್ಟಿಲನ್ನು ತೆಗೆಯುವ ಯೋಚನೆ ಹುಟ್ಟಿತು. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಯಾವ ಪೆಟ್ಟಿಗೆ ಕೆಟ್ಟಿದೆಯೆಂದು ತೋರಿಸುತ್ತದೆ. ಸೈನಿಕ ಆ ಪೆಟ್ಟಿಗೆಯನ್ನು ಕಳಚಿ ಹೊಸದನ್ನು ಕೂರಿಸುತ್ತಾನೆ. ಕೆಟ್ಟದ್ದು ನೇರವಾಗಿ ಡಿಪೋಗೆ. ಅಮೆರಿಕದ ಭೂಸೇನೆ ತನ್ನ ನಾಲ್ಕು ಹಂತಗಳನ್ನು ಹೀಗೆಯೇ ಎರಡಕ್ಕೆ ಇಳಿಸಿತು. ಕ್ಷಿಪಣಿಯನ್ನೂ ಧೂಳು, ತೇವ ತಾಕದಂತೆ ಮುಚ್ಚಿದ ಕೊಳವೆಯಲ್ಲಿಟ್ಟು ಅಲ್ಲಿಂದಲೇ ಹಾರಿಸಬಹುದು. 2015ರ ಜನವರಿ 31ರಂದು ‘ಅಗ್ನಿ-5’ ಮೊದಲ ಬಾರಿಗೆ ಹಾಗೆ ಹಾರಿತು.

ಆದರೆ ಇದು ಪುಕ್ಕಟೆಯಲ್ಲ. ಬಿಡಿ ಪೆಟ್ಟಿಗೆಗಳನ್ನು ಹೆಚ್ಚಾಗಿ ಇಟ್ಟುಕೊಳ್ಳಬೇಕು, ಸಾಗಾಣಿಕೆ ತಪ್ಪಬಾರದು. ಠಾಣೆಯವನು ದೋಷವನ್ನು ತಪ್ಪಾಗಿ ಗುರುತಿಸಿದರೆ ಸರಿಯಿರುವ ಪೆಟ್ಟಿಗೆಯೇ ಡಿಪೋಗೆ ಹೋಗಿ ಬರುತ್ತದೆ, ಕೆಟ್ಟದ್ದು ಒಳಗೇ ಉಳಿಯುತ್ತದೆ. ಮೆಟ್ಟಿಲು ಕಡಿಮೆಯಾದಷ್ಟೂ ಮೊದಲ ಮೆಟ್ಟಿಲಿನವನ ಹೊಣೆ ಹೆಚ್ಚು.

ಮಕ್ಕಳೇ, ದುರಸ್ತಿಯ ಕಾಲ 100 ಗಂಟೆಯೇ ಉಳಿದರೆ, ಶೇ. 98.9 ಸಾಧಿಸಲು ರೇಡಾರ್ ಕೆಡದೆ ಎಷ್ಟು ಗಂಟೆ ಓಡಬೇಕು? ಉತ್ತರ 9000! ಹತ್ತು ಪಟ್ಟು ಗಟ್ಟಿಯಾದ ಯಂತ್ರ ಕೊಡುವ ಫಲವನ್ನೇ ಹತ್ತು ಪಟ್ಟು ಚುರುಕಾದ ದುರಸ್ತಿಯೂ ಕೊಡುತ್ತದೆ. ಐಟಿಐ, ಡಿಪ್ಲೊಮಾ ಎಂದರೆ ಬರೀ ರಿಪೇರಿ ಕೆಲಸವೆಂದು ಮೂಗುಮುರಿಯುವ ಪೋಷಕರೂ ಈ ಲೆಕ್ಕವನ್ನೊಮ್ಮೆ ಮಾಡಿ ನೋಡಲಿ.